ಪೂರ್ವಕ್ಕೆ ಮುಖ, ಎಡಕ್ಕೆ ದೀಪ

ಮಕ್ಕಳಿಗೆ ಓದೋಕೊಂದು ಜಾಗ ಬೇಕು ಎಂಬ ಮಾತು ನಮ್ಮನೆಯಲ್ಲಿ ವರ್ಷಕ್ಕೆರಡು ಸಲ ಏಳುತ್ತದೆ: ಹೊಸ ಪುಸ್ತಕಗಳಿಗೆ ಬೈಂಡು ಹಾಕುವಾಗ, ಆಮೇಲೆ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗ. ಈ ಸಲ ಕಾರ್ಡಿನ ದಿನವೇ ಎದ್ದದ್ದರಿಂದ ಜೋರಾಗಿಯೇ ಎದ್ದಿತು. "ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಕೂತು ಓದಿದೋರು ಕಣೋ" ಎಂದು ನಮ್ಮ ಯಜಮಾನರು ಶುರು ಮಾಡಿದರು. ಕನ್ನಡದ ಅಪ್ಪಂದಿರಿಗೆಲ್ಲ ಈ ಕಥೆ ಬಾಯಿಪಾಠ. ಏಳನೇ ಕ್ಲಾಸಿನ ಮಗ ವಿಧೇಯನಾಗಿ ಪುಸ್ತಕ ಎತ್ತಿಕೊಂಡು ಬೀದಿಗಿಳಿದವನು ಅಷ್ಟೇ ಬೇಗ ವಾಪಸು ಬಂದು, "ಲೈಟು ಹತ್ತಿಲ್ಲ, ಕೆಳಗೆ ನಾಯಿ ಮಲಗಿದೆ" ಎಂದು ವರದಿ ಒಪ್ಪಿಸಿದ.

ನಾಲ್ಕನೇ ಕ್ಲಾಸಿನ ಮಗಳದು ಕಾನೂನಿನ ದಾರಿ. 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಎಂದಿದೆ. ಇದನ್ನೆಲ್ಲಿ ಕೇಳಿಕೊಂಡು ಬಂದಳೋ, ಸೋಮವಾರ ಸಂಜೆಗೇ "ಈ ವಾರದ್ದು ಮುಗೀತಮ್ಮ" ಎನ್ನುತ್ತಾಳೆ. ಅಣ್ಣನ ಕ್ಲಾಸಿಗೆ ದಿನಕ್ಕೆ 1 ಗಂಟೆಯಂತೆ ಎಂಬುದನ್ನೂ ಅವನಿಗೆ ಮರೆಯದೆ ಜ್ಞಾಪಿಸುತ್ತಾಳೆ.

ಅಂತೂ ಮೇಜು ಮಾಡಿಸುವುದೆಂದಾಯಿತು. ಎಲ್ಲಿಡುವುದು? "ಓದೋ ಮಕ್ಳು ಪೂರ್ವಕ್ಕೆ ಮುಖ ಮಾಡ್ಬೇಕು" ಎಂದರು ಅತ್ತೆ. ನಮ್ಮ ಹಾಲಿನ ಪೂರ್ವದ ಗೋಡೆಯಲ್ಲಿರುವುದು ಟಿವಿ. ನಮ್ಮ ಮಕ್ಕಳಿಗೆ ವಾಸ್ತುವಿನಲ್ಲಿ ಇಷ್ಟು ಭಕ್ತಿಯಿದೆಯೆಂದು ಅವತ್ತೇ ಗೊತ್ತಾದದ್ದು. ಕೊನೆಗೆ ರೂಮಿನ ಉತ್ತರದ ಗೋಡೆಗೆ ಅತ್ತೆ ರಾಜಿಯಾದರು.

ಅಳತೆಗೆ ಬಂದ ಆಚಾರ್ರು ಮಾತ್ರ ದಿಕ್ಕು ಕೇಳಲಿಲ್ಲ. ಇಬ್ಬರನ್ನೂ ಕೂರಿಸಿ ಏನಾದರೂ ಬರೆಯಿರಿ ಎಂದರು. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಪಾದ ನೆಲಕ್ಕೆ ಊರಬೇಕು. ಮಗಳ ಕಾಲು ಎಟುಕದಿದ್ದುದಕ್ಕೆ ಕೆಳಗೊಂದು ಮಣೆ ಬರೆದುಕೊಂಡರು. ಆಮೇಲೆ "ಪಾಪು ಎಡಗೈಲಿ ಬರೆಯುತ್ತಲ್ಲ!" ಎಂದು ಕಿವಿಯ ಪೆನ್ಸಿಲ್ ಕೈಗೆ ತೆಗೆದುಕೊಂಡರು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬೀಳಬೇಕು, ಇಲ್ಲದಿದ್ದರೆ ಕೈಯ ನೆರಳೇ ಅಕ್ಷರದ ಮೇಲೆ. ಎಡಗೈಯವರಿಗೆ ಇದರ ತಿರುಗುಮುರುಗು. ಒಂದೇ ಮೇಜು, ಒಂದೇ ದೀಪ, ಇಬ್ಬರು ಜಗಳಗಂಟರು. ಆಚಾರ್ರು ಪ್ಲೈವುಡ್ಡಿನ ಮೇಲೆ ಎರಡು ಗೀಟೆಳೆದು ತೀರ್ಪು ಕೊಟ್ಟರು: ಎಡಗೈಯವಳು ಎಡಕ್ಕೆ, ಬಲಗೈಯವನು ಬಲಕ್ಕೆ, ದೀಪ ನಡುವೆ. ಇಬ್ಬರಿಗೂ ನೆರಳಿಲ್ಲ, ಮೊಣಕೈಗೆ ಮೊಣಕೈ ತಾಗುವುದೂ ಇಲ್ಲ. ಇಂಥ ತಲೆಯನ್ನು ಕುಟುಂಬ ನ್ಯಾಯಾಲಯದಲ್ಲಿ ಕೂರಿಸಬೇಕು.

ಮೇಜು ಬಂತು, ಮನೆಯಲ್ಲಿ ಅಷ್ಟು ಒಳ್ಳೆಯ ಬೆಳಕು ಬೇರೆಲ್ಲೂ ಇಲ್ಲದಂತಾಯಿತು. ಆದ್ದರಿಂದ ಅತ್ತೆ ಅಲ್ಲಿ ಅಕ್ಕಿ ಆರಿಸಲು ಕೂತರು. ಬಲಗಡೆ ಯಜಮಾನರ ಲ್ಯಾಪ್‌ಟಾಪ್ ನೆಲೆಯೂರಿತು. ಮಿಕ್ಕ ಜಾಗಕ್ಕೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆಯ ಗಂಟು.

ಮಕ್ಕಳು? ಅಡುಗೆಮನೆಯ ಬಾಗಿಲಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ ಬರೆಯುತ್ತವೆ. ನಾನು ಸಾರಿಗೆ ಹುಣಸೆ ಕಿವುಚುತ್ತಾ ಕಾಲೆತ್ತಿ ದಾಟುತ್ತೇನೆ. "ಅಮ್ಮಾ, ಏಳೆಂಟ್ಲ?" ಎಂದರೆ ಐವತ್ತಾರು ಒಳಗಿನಿಂದ ತಕ್ಷಣ ಹೊರಬರುತ್ತದೆ, ಕೋಡುಬಳೆ ಡಬ್ಬಿಯೂ ಹತ್ತಿರ. ಕದ ಹಾಕಿಕೊಂಡು ಓದುವ ರೂಮು ಪಿಯುಸಿಯವರಿಗೆ ಸರಿ. ಈ ವಯಸ್ಸಿನವಕ್ಕೆ ಗೋಡೆಗಿಂತ ಕೂಗಿದರೆ ಓಗೊಡುವ ಜನ ಬೇಕು ಎಂದು ನನ್ನ ಅಭಿಪ್ರಾಯ, ಕಾಲಡಿ ಕಂಪಾಸು ಚುಚ್ಚಿದ ಮೇಲೂ.

ಇನ್ನು ಪ್ರಾಜೆಕ್ಟ್ ಎಂಬುದಕ್ಕೆ ಜಾಗ ಮಾಡಿಕೊಡುವುದು ಯಾವ ಆಚಾರಿಯ ಕೈಲೂ ಆಗದು. ಅದು ಹುಟ್ಟುವುದೇ ರಾತ್ರಿ ಒಂಬತ್ತೂವರೆಗೆ, ಹಾಸಿಗೆ ಹಾಸಿದ ಮೇಲೆ. "ಅಪ್ಪಾ, ನಾಳೆ ಸೌರವ್ಯೂಹ ಕೊಡ್ಬೇಕು." ಅಂಗಡಿಯವನು ಅರ್ಧ ಶಟರ್ ಎಳೆದಿದ್ದರೂ ಇವರ ಮುಖ ಕಂಡೊಡನೆ "ಗ್ರಹಾನಾ ಸಾರ್, ಜ್ವಾಲಾಮುಖಿನಾ?" ಎನ್ನುತ್ತಾನೆ. ಥರ್ಮಾಕೋಲ್ ಉಂಡೆಗಳು ಎಣಿಸಿಯೇ ಇಟ್ಟಿರುತ್ತವೆ. ಹತ್ತೂವರೆಗೆ ಮಕ್ಕಳಿಬ್ಬರೂ ಗೊರಕೆ ಹೊಡೆಯುತ್ತಿದ್ದರೆ, ಬಟ್ಟೆಗಂಟು ಕೆಳಗಿಳಿಸಿ, ದೀಪ ಹಚ್ಚಿ, ಮಗಳ ಮಣೆಯ ಮೇಲೆ ಕಾಲಿಟ್ಟು ಯಜಮಾನರು ಹಳೇ ಸಿ.ಡಿ.ಯೊಂದಕ್ಕೆ ಫೆವಿಕಾಲ್ ಬಳಿಯುತ್ತಿದ್ದರು.

"ಲೇ, ಶನಿ ಎಲ್ಲಿ ಹೋದ? ಈಗ ಇಲ್ಲೇ ಇದ್ದ!"

ಒಳಗಿನಿಂದ ಅತ್ತೆ, ಕಣ್ಣು ಬಿಡದೆಯೇ: "ರಾತ್ರಿ ಹೊತ್ತಲ್ಲಿ ಆ ಹೆಸರೆತ್ತಿ ಕರೀಬೇಡ ಕಣೋ, ಬಂದ್ಬಿಟ್ಟಾನು!"