ಹ್ಯಾರಿಕೇನು, ನೊರಜು ಮತ್ತು ನನ್ನ ಸೋದರಮಾವ

1973ನೆಯ ಇಸವಿಯ ಆಷಾಢಮಾಸದಲ್ಲಿ, ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಹಿರಿಯರಿಗೆ ನನ್ನ ಯೋಗ್ಯತೆಯ ವಿಷಯದಲ್ಲಿ ಏಕಾಏಕಿ ಗೌರವವುಂಟಾಗಿ, ಆ ಗೌರವವನ್ನು ಸಾಧ್ಯವಾದಷ್ಟು ದೂರದಿಂದಲೇ ಸಲ್ಲಿಸುವುದು ಲೇಸೆಂದು ತೋರಿದ್ದರಿಂದ, ನನ್ನನ್ನು ಬೆಂಗಳೂರಿನಿಂದ ಕಲ್ಕತ್ತೆಗೆ ವರ್ಗ ಮಾಡಿದರು. ರಾಸಬಿಹಾರಿ ಅವೆನ್ಯೂವಿಗೆ ಸೇರಿಕೊಂಡ ಗಲ್ಲಿಯೊಂದರಲ್ಲಿ, ಲೇಕ್ ಮಾರ್ಕೆಟ್ಟಿನ ಕಾಫಿಪುಡಿಯ ಪರಿಮಳ ಗಾಳಿ ತಿರುಗಿದ ದಿವಸ ಮೂಗಿಗೆ ಮುಟ್ಟಿ ಊರಿನ ನೆನಪು ತರುವಷ್ಟು ಸಮೀಪದಲ್ಲಿ, ಮಹಡಿಯ ಮೇಲೊಂದು ಕೋಣೆ ದೊರಕಿತು. ಕೆಳಗೆ, ಬೀದಿಗೆ ಮುಖ ಮಾಡಿದ ಸಿಮೆಂಟಿನ ಜಗಲಿ. ಅದಕ್ಕೆ ಅಲ್ಲಿಯವರು ರೊಯಾಕ್ ಎನ್ನುತ್ತಾರೆ. ಅದರ ಮೇಲೆ ನಡೆಯುವ ವ್ಯವಹಾರಕ್ಕೆ ಅಡ್ಡಾ ಎನ್ನುತ್ತಾರೆ. ನಮ್ಮ ಕಡೆಯ ಹರಟೆಕಟ್ಟೆಗೂ ಇದಕ್ಕೂ ಇರುವ ಅಂತರವೇನೆಂದರೆ, ನಮ್ಮಲ್ಲಿ ಕೆಲಸವಿಲ್ಲದವರು ಹರಟುತ್ತಾರೆ. ವಂಗದೇಶದಲ್ಲಿ ಹರಟೆಗೆ ಅಡ್ಡಿಯಾಗದಂತೆ ಕೆಲಸವನ್ನು ಹೊಂದಿಸಿಕೊಳ್ಳುತ್ತಾರೆ.

ಆ ಜಗಲಿಯ ಮೇಲೆ ಸಾಯಂಕಾಲ ಆರೂವರೆ ಗಂಟೆಗೆ ನಾಲ್ವರು ಮಹನೀಯರು, ಗ್ರಹಗಳು ತಮ್ಮ ತಮ್ಮ ಸ್ಥಾನವನ್ನು ಸೇರುವಂತೆ, ಬಂದು ಆಸೀನರಾಗುತ್ತಿದ್ದರು. ಒಬ್ಬರು ಅಂಚೆಕಚೇರಿಯ ಬಾಬು, ಇನ್ನೊಬ್ಬರು ಹೋಮಿಯೋಪತಿ ಡಾಕ್ಟರ್ ಬಾಬು, ಮೂರನೆಯವರು ಗಡಿಯಾರ ರಿಪೇರಿಯ ದಾದಾ, ನಾಲ್ಕನೆಯವರು ಕಾಲೇಜಿನಿಂದ ನಿವೃತ್ತರಾಗಿದ್ದ ಸಂಸ್ಕೃತ ಪಂಡಿತರು. ಆಗ ಕಲ್ಕತ್ತೆಯಲ್ಲಿ ಸಂಜೆಯಾಯಿತೆಂದರೆ ಲೋಡ್ ಶೆಡ್ಡಿಂಗ್, ದೀಪಗಳು ಆರುವುದೇ ತಡ, ಜಗಲಿಯಿಂದ "ಹ್ಯಾರಿಕೇನ್!" ಎಂಬ ಗರ್ಜನೆ ಹೊರಡುವುದು, ಮನೆಯೊಳಗಿನಿಂದ ಹುಡುಗನೊಬ್ಬ ಲಾಟೀನು ಹೊತ್ತಿಸಿ ತಂದಿಡುವನು. ಲಾಟೀನಿಗೆ ವಂಗಭಾಷೆಯಲ್ಲಿ ಹ್ಯಾರಿಕೇನ್ ಎಂದು ಹೆಸರೆಂಬುದನ್ನು ನಾನು ಕಲಿತದ್ದು ಹೀಗೆ.

ಕಲಿತದ್ದೇ ಪ್ರಮಾದವಾಯಿತು. ನನ್ನ ಬಂಗಾಳಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಮಹಡಿಯ ಕಿಟಕಿಯಲ್ಲಿ ಕುಳಿತು ಕಿವಿಗೊಟ್ಟರೆ ಕೆಳಗಿನಿಂದ ತೇಲಿಬರುತ್ತಿದ್ದ ಮಾತುಗಳ ತಾತ್ಪರ್ಯ ಇಷ್ಟು: ಹ್ಯಾರಿಕೇನಿನ ಹಿಂಭಾಗಕ್ಕೆ ಬಟ್ಟೆ ಹೊದಿಸಿರುತ್ತದೆ, ತೂತು ಬಿದ್ದರೆ ತೇಪೆ ಹಾಕಿದರೆ ಸಾಕು, ಹ್ಯಾರಿಕೇನಿನ ಮೂತಿಯನ್ನು ಥಟ್ಟನೆ ತಗ್ಗಿಸಿದರೆ ಎಣ್ಣೆ ಸರಿಯಾಗಿ ಸಾಗದೆ ಉಸಿರು ಕಟ್ಟಿ ಆರಿಹೋಗುತ್ತದೆ, ಕೊನೆಗೆ ಒಬ್ಬ ಹೆಂಗಸು ತೂತಿರುವ ಹಿತ್ತಾಳೆಯ ಬಿಲ್ಲೆಯೊಂದನ್ನು ಸಿಕ್ಕಿಸಿ ಅದನ್ನು ಸರಿಪಡಿಸಿದಳು. ಲಾಟೀನಿನ ವಿಷಯದಲ್ಲಿ ಇಷ್ಟು ಗಹನವಾದ ಚಿಂತನೆ ನಡೆಸಬಲ್ಲ ಜನಾಂಗದಲ್ಲಿ ಮಹಾಪುರುಷರು ಹುಟ್ಟಿದ್ದರಲ್ಲಿ ಆಶ್ಚರ್ಯವೇನೆಂದುಕೊಂಡೆನು. ಹದಿನೈದು ದಿವಸ ಕಳೆದ ಮೇಲೆ, ನನ್ನ ಕೋಣೆಯ ಲಾಟೀನು ಹೊಗೆಯಾಡಲು ಮೊದಲಾದಾಗ, ಇಂಥ ತಜ್ಞರು ಕೆಳಗಿರುವಾಗ ಅಂಗಡಿಗೇಕೆ ಹೋಗಬೇಕೆಂದು ಅದನ್ನು ಕೈಯಲ್ಲಿ ಹಿಡಿದು ಇಳಿದುಹೋಗಿ, ಆ ಹೆಂಗಸಿನ ಬಿಲ್ಲೆ ಎಲ್ಲಿ ಸಿಕ್ಕುವುದೆಂದು ವಿನಯದಿಂದ ಕೇಳಿದೆನು.

ಕ್ಷಣಕಾಲ ಮೌನ. ಆಮೇಲೆ ನಾಲ್ವರೂ ನಕ್ಕ ನಗೆಗೆ ಟ್ರಾಮಿನ ಗಂಟೆ ಕೇಳಿಸದೆಹೋಯಿತು. ಅವರು ಮಾತನಾಡುತ್ತಿದ್ದುದು ಮಹಾಯುದ್ಧ ಕಾಲದ ಹ್ಯಾರಿಕೇನ್ ಎಂಬ ಯುದ್ಧವಿಮಾನದ ವಿಷಯವಾಗಿ. ಆ ಹೆಂಗಸು ಇಂಗ್ಲೆಂಡಿನ ಎಂಜಿನಿಯರಾದ ಬಿಯಾಟ್ರಿಸ್ ಶಿಲ್ಲಿಂಗ್. ವಿಮಾನ ಮೂತಿ ತಗ್ಗಿಸಿ ಧುಮುಕಿದೊಡನೆ ಮರ್ಲಿನ್ ಎಂಜಿನ್ನಿನ ಕಾರ್ಬುರೇಟರಿನಲ್ಲಿ ಪೆಟ್ರೋಲು ಮೇಲಕ್ಕೆ ಚಿಮ್ಮಿ ಎಂಜಿನ್ನಿಗೆ ಮೊದಲು ಬಾಯಾರುತ್ತಿತ್ತು, ಮರುಕ್ಷಣದಲ್ಲಿ ನೆತ್ತಿಗೆ ಹತ್ತಿದವರಂತೆ ಅದು ಉಸಿರು ಕಟ್ಟುತ್ತಿತ್ತು. ಜರ್ಮನರ ವಿಮಾನಗಳಲ್ಲಿ ಪೆಟ್ರೋಲನ್ನು ಪಿಚಕಾರಿಯಿಂದಲೇ ಎರಚುತ್ತಿದ್ದುದರಿಂದ ಅವರಿಗೆ ಈ ವ್ಯಾಧಿಯಿರಲಿಲ್ಲ. ಈಕೆ 1941ರಲ್ಲಿ, ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲು ಒಮ್ಮೆಗೇ ಹರಿಯದಂತೆ ಅಳತೆಯ ರಂಧ್ರವುಳ್ಳ ಬಿಲ್ಲೆಯೊಂದನ್ನು ಕೊಳವೆಯಲ್ಲಿ ಕೂಡಿಸಿ, ರೋಗವನ್ನು ಬಹುಮಟ್ಟಿಗೆ ಹತೋಟಿಗೆ ತಂದಳು. ಒಗ್ಗರಣೆಗೆ ಎಷ್ಟು ಎಣ್ಣೆ ಬೀಳಬೇಕೆಂಬುದನ್ನು ಡಬ್ಬಿಯ ಮುಚ್ಚಳದ ತೂತಿನಿಂದಲೇ ನಿಯಮಿಸುವ ನಮ್ಮ ಅಜ್ಜಿಗೆ ಈ ಉಪಾಯ ಕೇಳಿದೊಡನೆ ಅರ್ಥವಾಗುತ್ತಿತ್ತು.

ಅಂಚೆ ಬಾಬುವಿಗೆ ಹ್ಯಾರಿಕೇನಿನ ಮೇಲೆ ಹಕ್ಕು ಬಂದದ್ದು ಪ್ರತ್ಯಕ್ಷಪ್ರಮಾಣದಿಂದ. 1942ರಲ್ಲಿ, ಜಪಾನೀಯರು ಬರ್ಮಾವನ್ನು ನುಂಗಿ ಬಾಗಿಲಿಗೆ ಬಂದಿದ್ದಾಗ, ಮೈದಾನದ ನಡುವೆ ಹಾದುಹೋಗುವ ರೆಡ್ ರೋಡನ್ನೇ ರನ್‌ವೇ ಮಾಡಿ ಅದರ ಮೇಲಿಂದ ಹ್ಯಾರಿಕೇನುಗಳನ್ನು ಹಾರಿಸುತ್ತಿದ್ದರು. ಆಗ ಹನ್ನೆರಡು ವರ್ಷದ ಹುಡುಗನಾಗಿದ್ದ ಬಾಬು ಶಾಲೆ ತಪ್ಪಿಸಿ, ಚೌರಂಗಿಯ ಕಡೆಯಿಂದ ದಿನವೆಲ್ಲಾ ನೋಡುತ್ತಿದ್ದರಂತೆ. ರಸ್ತೆಯೆಂದ ಮೇಲೆ ಮಳೆನೀರು ಇಳಿಯಲು ನಡು ಉಬ್ಬಿರುವುದಷ್ಟೆ. ಆ ಬೆನ್ನಿನ ಮೇಲೆ ಇಳಿದ ವಿಮಾನ ಒಂದು ಕಡೆಗೆ ಜಾರಲು ಹವಣಿಸುವುದನ್ನೂ, ಪೈಲಟ್ಟು ಅದನ್ನು ಮದುವೆಮನೆಯಿಂದ ಓಡಿಹೋಗಲು ನೋಡುವ ವರನನ್ನು ಎಳೆದು ನಿಲ್ಲಿಸುವಂತೆ ನಿಲ್ಲಿಸುವುದನ್ನೂ ಅವರು ಅಂಗೈಯನ್ನೇ ವಿಮಾನ ಮಾಡಿ, ಮೊಣಕೈಯನ್ನೇ ರಸ್ತೆ ಮಾಡಿ ಅಭಿನಯಿಸುತ್ತಿದ್ದರು. ಆ ವರ್ಷ ಡಿಸೆಂಬರ್ 20ರ ರಾತ್ರಿ ನಗರದ ಮೇಲೆ ಮೊದಲ ಬಾಂಬುಗಳು ಬಿದ್ದಾಗ ಅರ್ಧ ಕಲ್ಕತ್ತೆ ಹಾವ್ರಾ ನಿಲ್ದಾಣಕ್ಕೆ ಓಡಿತು. ಬಾಬುವಿನ ತಂದೆಯೂ ಸಂಸಾರವನ್ನು ಹಳ್ಳಿಗೆ ಸಾಗಿಸಿದರು. ಇದನ್ನು ಹೇಳುವಾಗ ಮಾತ್ರ ಅವರ ಅಂಗೈ ಕೆಳಗಿಳಿಯುತ್ತಿತ್ತು. ಮಾರನೆಯ ವರ್ಷದ ಮಹಾಕ್ಷಾಮ ಅವರನ್ನು ಅಲ್ಲಿಯೇ ಕಂಡಿತ್ತು; ಅದರ ಮಾತು ಬಂದರೆ ವಿಮಾನದ ಮಾತು ಅಂದಿಗೆ ನಿಂತಿತೆಂದೇ ಅರ್ಥ.

ನನ್ನನ್ನು ಇವರು ಮೊದಲು ಕರೆಯುತ್ತಿದ್ದುದು ಮಾದ್ರಾಜಿ ಎಂದು. ವಿಂಧ್ಯದಿಂದ ಕನ್ಯಾಕುಮಾರಿಯವರೆಗೆ ಇರುವವರೆಲ್ಲ ಅವರ ಲೆಕ್ಕದಲ್ಲಿ ಮಾದ್ರಾಜಿಗಳೇ. ಮದರಾಸು ಬೇರೆ, ಬೆಂಗಳೂರು ಬೇರೆ ಎಂದು ವಿವರಿಸುವ ಭರದಲ್ಲಿ ಒಂದು ಸಂಜೆ ನಾನು, ನನ್ನ ಸೋದರಮಾವ ವಿಮಾನ ಕಾರ್ಖಾನೆಯಲ್ಲಿದ್ದವರೆಂದು ಬಾಯಿಬಿಟ್ಟೆನು. ಗಡಿಯಾರದ ದಾದಾ ಕಣ್ಣಿಗೆ ಸಿಕ್ಕಿಸಿದ್ದ ಭೂತಕನ್ನಡಿ ಕಳಚಿ ಮಡಿಲಿಗೆ ಬಿತ್ತು. "ಹಿಂದುಸ್ತಾನ್ ಏರ್‌ಕ್ರಾಫ್ಟ್? ನೀವು ಇಷ್ಟು ದಿವಸ ಹೇಳಲಿಲ್ಲವಲ್ಲ, ಮಶಾಯ್!" ಎಂದರು. ಅಂದಿನಿಂದ ನನಗೆ ಜಗಲಿಯ ಗೋಡೆಗೆ ಒರಗಿಕೊಳ್ಳುವ ಸ್ಥಾನ, ಮೊದಲ ಭಾಂಡದ ಚಹಾ, ಮುಡಿ ಎಂದು ಅವರು ಕರೆಯುವ ಮಂಡಕ್ಕಿಯ ಪೊಟ್ಟಣದಲ್ಲಿ ಕಡಲೆಕಾಯಿ ಹೆಚ್ಚಿರುವ ಪಾಲು.

ಈ ಮರ್ಯಾದೆಗೆ ಕಾರಣ ನ್ಯಾಟ್ ವಿಮಾನ. ನ್ಯಾಟ್ ಎಂದರೆ ನಮ್ಮ ನೊರಜು. ಹಲಸಿನಹಣ್ಣು ಕೊಯ್ದಾಗ ಮುತ್ತುವ ಪ್ರಾಣಿ. ಯುದ್ಧವಿಮಾನಗಳು ವರ್ಷವರ್ಷಕ್ಕೂ ಕೊಬ್ಬುತ್ತ ಬೆಲೆಯೇರುತ್ತ ಹೋಗುವುದನ್ನು ಕಂಡು ಬೇಸತ್ತ ಪೆಟರ್ ಎಂಬ ಇಂಗ್ಲೆಂಡಿನ ಶಿಲ್ಪಿ, ಫೋಲಂಡ್ ಕಂಪನಿಯಲ್ಲಿ ಕುಳಿತು, ಬೇಡವಾದುದನ್ನೆಲ್ಲ ಕಳೆಯುತ್ತ ಹೋದರೆ ಏನು ಉಳಿಯುವುದೆಂದು ಲೆಕ್ಕ ಹಾಕಿದ. ಉಳಿದದ್ದು 1955ರಲ್ಲಿ ಹಾರಿತು. ಅದರ ಉದ್ದ ಮೂವತ್ತು ಅಡಿಗೆ ಸ್ವಲ್ಪ ಕಡಮೆ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ಇಪ್ಪತ್ತೆರಡು ಅಡಿ. ಆಗ ಅಲ್ಲಿಯೇ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕಾರುಗಳೆರಡನ್ನು ಒಂದರ ಬಾಲಕ್ಕೊಂದು ನಿಲ್ಲಿಸಿದರೆ ಅದೇ ಅಳತೆಯೆಂದು ಅಂಚೆ ಬಾಬು ಗಲ್ಲಿಯಲ್ಲಿ ಹೆಜ್ಜೆಹಾಕಿ ತೋರಿಸಿದರು. ಆಕಾಶದಲ್ಲಿ ವೇಗ ತಗ್ಗಿಸಲು ಇಂಥ ಅನೇಕ ವಿಮಾನಗಳಿಗೆ ಪ್ರತ್ಯೇಕವಾದ ತಡೆಹಲಗೆಗಳಿರುತ್ತವೆ. ಪೆಟರ್ ಮಹಾಶಯನಾದರೋ ಚಕ್ರಗಳ ಬಾಗಿಲನ್ನೇ ಅರ್ಧ ತೆರೆದು ಗಾಳಿಗೊಡ್ಡಿದರೆ ಸಾಲದೇ ಎಂದು ಅದನ್ನೂ ಉಳಿಸಿದ. ಸೈಕಲ್ಲಿನಿಂದ ಕಾಲಿಳಿಬಿಟ್ಟು ನೆಲ ಉಜ್ಜುವ ಹುಡುಗರನ್ನು ಆತ ಎಲ್ಲಿಯೋ ನೋಡಿರಬೇಕು. ಇಂಗ್ಲೆಂಡಿನ ವಾಯುಸೇನೆ ಇದನ್ನು ತರಬೇತಿಗೆ ಮಾತ್ರ ಬಳಸಿತು. ಯುದ್ಧಕ್ಕೆಂದು ನಂಬಿ ಕೊಂಡವರಲ್ಲಿ ಮುಖ್ಯರು ನಾವು. ಬೆಂಗಳೂರಿನಲ್ಲಿಯೇ ಅದರ ಒಡಲೂ ಸಿದ್ಧವಾಯಿತು, ಆರ್ಫಿಯಸ್ ಎಂಬ ಅದರ ಎಂಜಿನ್ನೂ ಸಿದ್ಧವಾಯಿತು.

ಆದರೆ ಜಗಲಿಯವರ ಪ್ರೀತಿಗೆ ಮೂಲ 1971ರ ನವೆಂಬರ್ 22. ಯುದ್ಧವಿನ್ನೂ ವಿಧ್ಯುಕ್ತವಾಗಿ ಆರಂಭವಾಗಿರಲಿಲ್ಲ. ಗಡಿಯ ಬಾಯ್ರಾದ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳು ಸುಳಿದಾಡತೊಡಗಿದಾಗ, ಡಮ್‌ಡಮ್‌ನಿಂದ ನಾಲ್ಕು ನೊರಜುಗಳು ಎದ್ದುಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸಿದವು. ಶತ್ರುವಿಮಾನ ಬಿತ್ತೆಂಬುದಕ್ಕೆ ಸಂಕೇತವಾಗಿ ರೇಡಿಯೋದಲ್ಲಿ "ಮರ್ಡರ್, ಮರ್ಡರ್" ಎಂದು ಕೂಗಿದವರು ಫ್ಲೈಟ್ ಲೆಫ್ಟಿನೆಂಟ್ ಎಂ. ಎ. ಗಣಪತಿ, ನಮ್ಮ ಕೊಡಗಿನವರು, ವೀರಚಕ್ರ ಪಡೆದವರು. ಕೊಡಗು ಯಾವ ರಾಜ್ಯದಲ್ಲಿದೆಯೆಂದು ನಾನು ತಿಳಿಸಿದ ಸಂಜೆ ನನಗೆ ಎರಡು ಸಂದೇಶ್ ಮಿಠಾಯಿ ದೊರೆತವು. ಪ್ಯಾರಾಚೂಟಿನಿಂದಿಳಿದು ಅಂದು ಸೆರೆಸಿಕ್ಕವರಲ್ಲಿ ಒಬ್ಬರಾದ ಪರ್ವೇಜ್ ಮೆಹ್ದಿ ಖುರೇಷಿ 1997ರಲ್ಲಿ ಪಾಕಿಸ್ತಾನದ ವಾಯುಸೇನೆಗೇ ಮುಖ್ಯಸ್ಥರಾದರು. ಆ ಸುದ್ದಿಯನ್ನು ಬೆಂಗಳೂರಿನಲ್ಲಿ ಓದಿದ ದಿನ, ಆ ಜಗಲಿಯ ಮೇಲೆ ಎಷ್ಟು ಭಾಂಡ ಚಹಾ ಖರ್ಚಾಗಿರಬಹುದೆಂದು ಯೋಚಿಸುತ್ತ ಕುಳಿತಿದ್ದೆನು.

ಪಂಡಿತರಿಗೆ ಈ ಆಧುನಿಕ ವಿಮಾನಗಳು ರುಚಿಸುತ್ತಿರಲಿಲ್ಲ. ಹಳೆಯ ವಿಮಾನವೆಂದ ಮೇಲೆ ಸಾಕಷ್ಟು ಹಳೆಯದಾಗಿರಬೇಕೆಂಬುದು ಅವರ ಮತ. ನಮ್ಮ ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಭರದ್ವಾಜಪ್ರೋಕ್ತವೆಂದು ಬರೆಯಿಸಿದ ವೈಮಾನಿಕಶಾಸ್ತ್ರ ಆ ವರ್ಷವೇ ಮೈಸೂರಿನಿಂದ ಇಂಗ್ಲಿಷಿನೊಡನೆ ಅಚ್ಚಾಗಿತ್ತು. ಅದನ್ನು ನಾನು ತರಿಸಿಕೊಟ್ಟಾಗ ಪಂಡಿತರು ಕಣ್ಣಿಗೊತ್ತಿಕೊಂಡರು. ಮಾರನೆಯ ವರ್ಷ ನಮ್ಮ ಬೆಂಗಳೂರಿನ ವಿಜ್ಞಾನಮಂದಿರದ ವಿದ್ವಾಂಸರೇ ಅದನ್ನು ಪರೀಕ್ಷಿಸಿ, ಅದರಲ್ಲಿರುವ ಯಾವ ವಿಮಾನವೂ ಹಾರಲಾರದೆಂದೂ ಗ್ರಂಥವೂ ಪ್ರಾಚೀನವಲ್ಲವೆಂದೂ ತೀರ್ಮಾನಿಸಿದರು. ಪಂಡಿತರು ಒಂದು ವಾರ ಜಗಲಿಗೆ ಬರಲಿಲ್ಲ. ಪೂರ್ವಪಕ್ಷ, ಸಿದ್ಧಾಂತ ಎರಡೂ ಒಂದೇ ಸೀಮೆಯಿಂದ ಬಂದದ್ದಕ್ಕೆ ನನ್ನ ಮೇಲೆ ಮುನಿಸು.

ಇತ್ತ ನನ್ನ ಸಂಕಟ ಬೇರೆ. ಆರ್ಫಿಯಸ್ಸಿನ ಗಾಳಿಚಕ್ರಗಳ ವಿಷಯವಾಗಿ ಪ್ರಶ್ನೆಗಳು ಬರತೊಡಗಿದವು. ಮಾವ ಕಾರ್ಖಾನೆಯಲ್ಲಿದ್ದುದು ನಿಜ. ಆದರೆ ಅವರು ಉಗ್ರಾಣದ ಗುಮಾಸ್ತರು. ಕಾರ್ಖಾನೆಯ ಬಸ್ಸಿನಲ್ಲಿ ಹೋಗಿ, ಕ್ಯಾಂಟೀನಿನ ಉಪ್ಪಿಟ್ಟಿನ ಮೇಲೆ ಟೀಕೆ ಮಾಡಿ, ಅದೇ ಬಸ್ಸಿನಲ್ಲಿ ಬರುತ್ತಿದ್ದವರು. ಅವರು ಹೇಳಿದ್ದರಲ್ಲಿ ನನಗೆ ನೆನಪಿದ್ದುದು ಒಂದೇ ಕಥೆ: ಬ್ರಿಟಿಷರು ಹೊರಡುವಾಗ, ನಮ್ಮ ಕೈಗೆ ಸಿಕ್ಕಬಾರದೆಂದು ಕಾನ್ಪುರದಲ್ಲಿ ಜಖಂಗೊಳಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಎಂಬ ನಾಲ್ಕೆಂಜಿನ್ನಿನ ಬಾಂಬರುಗಳನ್ನು, ಹಾರುವಷ್ಟರಮಟ್ಟಿಗೆ ಅಲ್ಲಿಯೇ ಜೋಡಿಸಿ, ಜಮ್‌ಶೆಡ್ ಮುನ್ಷಿಯವರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದ ಕಥೆ. ಹಾಗೆ ಬಂದವುಗಳಲ್ಲಿ 42ನ್ನು ದುರಸ್ತಿಮಾಡಿ ಕೊಟ್ಟರು. 1968ರವರೆಗೂ ಅವು ನಮ್ಮ ವಾಯುಸೇನೆಯಲ್ಲಿ ದುಡಿದವು. ಈ ಕಥೆಯನ್ನು ನಾನು ಒಂಬತ್ತು ಸಂಜೆ ಹೇಳಿದೆನು. ಹತ್ತನೆಯ ಸಂಜೆ ಡಾಕ್ಟರ್ ಬಾಬು, ಔಷಧವನ್ನು ಪದೇ ಪದೇ ಕೊಟ್ಟರೆ ಗುಣ ಹೋಗುವುದೆಂದು ಮೆಲ್ಲಗೆ ಸೂಚಿಸಿದರು.

ಆದುದರಿಂದ ದಸರೆಗೆ ಊರಿಗೆ ಹೋಗಿದ್ದಾಗ, ಮಾವ ಅಡಕೆಲೆತಟ್ಟೆಯಲ್ಲಿ ಇಟ್ಟುಕೊಂಡಿದ್ದ ಒಂದು ರಿವೆಟ್ಟನ್ನು ಬೇಡಿ ತಂದೆನು. ಮೂವತ್ತು ವರ್ಷದ ಸೇವೆಯಲ್ಲಿ ಕಾರ್ಖಾನೆಯ ಸ್ವತ್ತೆಂದು ಅವರ ಮನೆ ಸೇರಿದ್ದು ಅದೊಂದೇ. ಅದೂ ಅಂಗಿಯ ಜೇಬಿನಲ್ಲಿ ಅರಿಯದೆ ಬಂದದ್ದು, ಹಿಂದಿರುಗಿಸಲು ನಾಚಿಕೆಯಾಗಿ ಉಳಿದದ್ದು. ಜಗಲಿಯ ಮೇಲೆ ಅದನ್ನು ಬಿಳಿಯ ಕರವಸ್ತ್ರದಲ್ಲಿಟ್ಟರು. ಲಾಟೀನಿನ ಬತ್ತಿಯೇರಿಸಿದರು. ಕಿರುಬೆರಳ ತುದಿಯಷ್ಟು ದಪ್ಪ, ಬಟಾಣಿಯಂಥ ಗುಂಡುತಲೆ, ಕಾಂಡದ ಮೇಲೊಂದು ಗೀರು. ಗಡಿಯಾರದ ದಾದಾ ಅಳತೆಯ ಕೈವಾರ ಹಿಡಿದು ಮೂರು ಸಲ ಅಳೆದರು. ನ್ಯಾಟಿನದೆಂದು ಅಂಚೆ ಬಾಬು. ಲಿಬರೇಟರಿನದೆಂದು ಡಾಕ್ಟರ್ ಬಾಬು. ಗಾಳಿಗೆ ಅಡ್ಡಿಯಾಗಬಾರದೆಂದು ವೇಗದ ವಿಮಾನಗಳ ಹೊರಮೈಯಲ್ಲಿ ರಿವೆಟ್ಟಿನ ತಲೆಯನ್ನು ತಗಡಿನೊಳಗೆ ಸಮನಾಗಿ ಕೂಡಿಸುತ್ತಾರೆ, ಇದರ ತಲೆ ಗುಂಡಗಿದೆಯಲ್ಲ ಎಂದು ದಾದಾ ಸಂಶಯಪಟ್ಟು, ಗಡಿಯಾರದ ಪೆಟ್ಟಿಗೆಯಿಂದ ಚಿಕ್ಕದೊಂದು ಅಯಸ್ಕಾಂತವನ್ನು ತೆಗೆದರು. ವಿಮಾನದ ಮೈ ಅಲ್ಯುಮಿನಿಯಮ್ಮಿನದು, ಅದರ ರಿವೆಟ್ಟೂ ಅಲ್ಯುಮಿನಿಯಮ್ಮಿನದೇ; ಅಯಸ್ಕಾಂತ ಅದನ್ನು ಕಣ್ಣೆತ್ತಿಯೂ ನೋಡಬಾರದು. ನಮ್ಮ ರಿವೆಟ್ಟು 'ಟಕ್' ಎಂದು ಹಾರಿ, ತವರನ್ನು ಕಂಡ ಸೊಸೆಯಂತೆ ತಬ್ಬಿಕೊಂಡಿತು.

ಆಗಲೇ ನನಗೆ ಜ್ಞಾಪಕಕ್ಕೆ ಬಂದದ್ದು. ಮಹಾಯುದ್ಧ ಮುಗಿದು ವಿಮಾನಗಳಿಗೆ ಬೇಡಿಕೆ ಇಳಿದಾಗ ಆ ಕಾರ್ಖಾನೆ ಬಸ್ಸುಗಳ ಮೈಯನ್ನೂ ರೈಲ್ವೆಯ ಮೂರನೆಯ ತರಗತಿಯ ಬೋಗಿಗಳನ್ನೂ ಕಟ್ಟುತ್ತಿತ್ತು. ರೈಲುಬೋಗಿಗಳ ಆ ವಿಭಾಗ 1964ರಲ್ಲಿ ಹುಟ್ಟಿದ ಭಾರತ್ ಅರ್ಥ್ ಮೂವರ್ಸಿಗೆ ಸೇರಿಹೋಯಿತು. ಅದರೊಡನೆ ಸೇರಿಹೋದವರಲ್ಲಿ ನನ್ನ ಮಾವನೂ ಒಬ್ಬರು.

ನಾನು ಬಾಯಿ ತೆರೆದೆನು. ಆದರೆ ಅಷ್ಟರಲ್ಲಿ ಅಂಚೆ ಬಾಬು, ಚಕ್ರದ ಕಾಲುಗಳಿರುವಲ್ಲಿ ಭಾರ ಹೆಚ್ಚಾದುದರಿಂದ ಉಕ್ಕನ್ನೇ ಹಾಕಬೇಕಾಗುತ್ತದೆಂದೂ, ಚಕ್ರದ ಬಾಗಿಲನ್ನೇ ತಡೆಹಲಗೆ ಮಾಡಿಕೊಂಡ ನ್ಯಾಟಿನಲ್ಲಂತೂ ಅದು ಅನಿವಾರ್ಯವೆಂದೂ ಸಾಧಿಸಲಾರಂಭಿಸಿದ್ದರು. ಡಾಕ್ಟರ್ ಬಾಬು ಒಪ್ಪಿದರು. ಒಳಮೈಯಲ್ಲಿ ತಲೆ ಗುಂಡಗಿದ್ದರೆ ಗಾಳಿಗೇನು ಬಾಧೆಯೆಂದು ದಾದಾ ತಾವೇ ಸಮಾಧಾನ ಹೇಳಿಕೊಂಡರು. ಪಂಡಿತರು ಸಹ, ಅಯಸ್ಸಿನ ಮಾತು ಭರದ್ವಾಜರಲ್ಲಿಯೂ ಇದೆಯೆಂದರು. ನಾನು ತೆರೆದ ಬಾಯಿಗೆ ಒಂದು ಹಿಡಿ ಮುಡಿ ಹಾಕಿಕೊಂಡೆನು. ಮರುದಿನ ಗಡಿಯಾರದ ಅಂಗಡಿಯ ಗಾಜಿನ ಕಪಾಟಿನಲ್ಲಿ, ಕೈಗಡಿಯಾರದ ಮಖಮಲ್ಲಿನ ಪೆಟ್ಟಿಗೆಯೊಳಗೆ, ವಂಗಾಕ್ಷರದ ಚೀಟಿಯೊಡನೆ ಅದು ವಿರಾಜಮಾನವಾಗಿತ್ತು.

ಮುಂದೆ ಎರಡು ವರ್ಷಕ್ಕೆ ನನಗೆ ಮತ್ತೆ ಬೆಂಗಳೂರಿಗೆ ವರ್ಗವಾಯಿತು. ನಾಲ್ವರೂ ಹಾವ್ರಾಕ್ಕೆ ಬಂದು ಮದರಾಸು ಮೇಲಿಗೆ ಹತ್ತಿಸಿದರು. ಕೋಲಾಘಾಟಿನಲ್ಲಿ ರೂಪನಾರಾಯಣ ನದಿಯ ಸೇತುವೆಯ ಮೇಲೆ ಗಾಡಿ ಸಾಗುವಾಗ ಬೋಗಿಯ ಗೋಡೆ ತಟತಟನೆ ಅದುರುತ್ತಿತ್ತು. ಬಾಗಿಲ ಪಕ್ಕದ ಹಳೆಯ ಫಲಕದಲ್ಲಿ ಬಣ್ಣದ ಪದರಗಳಡಿಯಿಂದ ಬೆಂಗಳೂರೆಂಬ ಹೆಸರು ಮಾತ್ರ ಓದಲು ಬರುತ್ತಿತ್ತು; ಅದರ ಕೆಳಗೆ ಬಟಾಣಿಯಂಥ ಗುಂಡುತಲೆಗಳ ಒಂದು ಸಾಲು. ಎದುರಿಗೆ ಕುಳಿತಿದ್ದ ಆಂಧ್ರದ ವ್ಯಾಪಾರಿಯೊಬ್ಬರು ಕಿವಿ ಮುಚ್ಚಿಕೊಂಡು, "ಏನು ಸ್ವಾಮೀ, ಈ ಡಬ್ಬಿ ಹೀಗೆ ಬಡಿದುಕೊಳ್ಳುತ್ತದೆ?" ಎಂದು ಕೇಳಿದರು.

"ಒಂದು ರಿವೆಟ್ಟು ಕಡಮೆ ಇದೆ" ಎಂದೆನು.