ಗ್ಯಾರೇಜಿನ ಬೂದು ಪೆಟ್ಟಿಗೆ: ಬಳಕೆದಾರರ ಕೈಪಿಡಿ

ಯಾರಿಗಾಗಿ: ಅಮೆರಿಕದಲ್ಲಿ ಮನೆ ಕೊಂಡು, ಹಾಲುಕ್ಕಿಸಿ ಗೃಹಪ್ರವೇಶ ಮುಗಿಸಿ, ಕರೆಂಟ್ ಪ್ಯಾನೆಲ್ ಕಡೆ ಇವತ್ತಿನವರೆಗೂ ತಿರುಗಿ ನೋಡದ ಕನ್ನಡಿಗರಿಗೆ.

ಹಿನ್ನೆಲೆ: 2022ರ ಜೂನ್‌ನಲ್ಲಿ ಷ್ನೈಡರ್ ಎಲೆಕ್ಟ್ರಿಕ್ ಕಂಪನಿ ತನ್ನ ‘ಸ್ಕ್ವೇರ್ ಡಿ’ ಬ್ರ್ಯಾಂಡಿನ ಕ್ಯೂಒ ಪ್ಲಗ್-ಆನ್ ನ್ಯೂಟ್ರಲ್ ಪ್ಯಾನೆಲ್‌ಗಳನ್ನು ವಾಪಸ್ ಕರೆಯಿತು. ಅಮೆರಿಕದಲ್ಲೇ ಸುಮಾರು 14 ಲಕ್ಷ. ಅತಿಯಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು ಎಂಬುದು ಕಾರಣ. ಬೆಂಕಿ ತಡೆಯಬೇಕಾದ ಪೆಟ್ಟಿಗೆಯಿಂದಲೇ ಬೆಂಕಿಯ ಭಯ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಬೇಕಾದ ಸಾಮಗ್ರಿ: ಮೊಬೈಲ್ ಟಾರ್ಚ್, ಓದುವ ಕನ್ನಡಕ.

ಬೇಡವಾದ ಸಾಮಗ್ರಿ: ಸ್ಕ್ರೂಡ್ರೈವರ್, ಟೆಸ್ಟರ್, ಧೈರ್ಯ.

ಹಂತ 1. ಪ್ಯಾನೆಲ್ ತಲುಪಿ. ಪ್ಯಾನೆಲ್ ಮುಂದೆ ಮೂರು ಅಡಿ ಜಾಗ ಖಾಲಿ ಇರಬೇಕೆಂದು ಅಮೆರಿಕದ ವಿದ್ಯುತ್ ನಿಯಮ ಹೇಳುತ್ತದೆ. ಆ ಮೂರು ಅಡಿಯಲ್ಲಿ ಈಗ ಸೋನಾ ಮಸೂರಿ ಮೂಟೆ, ಊರಿಗೆ ಹೋಗುವಾಗಷ್ಟೇ ನೆನಪಾಗುವ ಸೂಟ್‌ಕೇಸುಗಳು, ಗೊಂಬೆ ಹಬ್ಬದ ಮೆಟ್ಟಿಲು ಇವೆ. ಮೊದಲು ಅವನ್ನು ಸರಿಸಿ. ಇಡೀ ಪರೀಕ್ಷೆಯಲ್ಲಿ ಮೈ ಬೆವರುವ ಕೆಲಸ ಇದೊಂದೇ.

ಹಂತ 2. ಬಾಗಿಲು ತೆರೆಯಿರಿ. ಬಾಗಿಲು ಮಾತ್ರ. ಒಳಗೆ ಸ್ಕ್ರೂ ಹಾಕಿ ಬಿಗಿದ ಇನ್ನೊಂದು ಮುಚ್ಚಳವಿದೆ, ಅದನ್ನು ಮುಟ್ಟಬೇಡಿ. ಮೇನ್ ಬ್ರೇಕರ್ ಆಫ್ ಮಾಡಿದರೂ ಮೀಟರಿನಿಂದ ಬರುವ ದಪ್ಪ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದ ಅಪ್ಪ ಈ ಹಂತದಲ್ಲಿ ಹಿಂದೆ ಬಂದು ನಿಲ್ಲುತ್ತಾರೆ. “ಕೊಡೋ ಇಲ್ಲಿ, ಬಿಚ್ಚಿ ನೋಡೇ ಬಿಡೋಣ. ನಲವತ್ತು ವರ್ಷ ಫ್ಯೂಸ್ ಕಟ್ಟಿದವನು ನಾನು.” ಇದಕ್ಕೆ ಸರಿಯಾದ ಉತ್ತರ: “ಅಪ್ಪಾ, ಅಮ್ಮ ಕಾಫಿಗೆ ಕರೀತಿದ್ದಾರೆ.”

ಹಂತ 3. ಲೇಬಲ್ ಓದಿ. ಹಳೆಯ ಮಾಲೀಕ ಪೆನ್ಸಿಲ್‌ನಲ್ಲಿ ಬರೆದ ‘ಲೈಟ್ಸ್’, ‘ಇತರ ಲೈಟ್ಸ್’, ‘ಕಿಚನ್?’ ಎಂಬ ಪಟ್ಟಿ ಅಲ್ಲ. ಆ ಪ್ರಶ್ನಾರ್ಥಕ ಚಿಹ್ನೆಯ ಸಂಶೋಧನೆ ಇನ್ನೊಂದು ಭಾನುವಾರಕ್ಕಿರಲಿ. ಕಂಪನಿಯ ಲೇಬಲ್ ಮೇಲೆ ಆರಂಕಿಯ ಡೇಟ್ ಕೋಡ್ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ.

ಹಂತ 4. ಹೋಲಿಸಿ. ಕೋಡ್ 200561ರಿಂದ 220233ರ ಒಳಗಿದ್ದರೆ ನಿಮ್ಮದೂ ವಾಪಸ್ ಕರೆದ ಗುಂಪಿನದ್ದೇ ಇರಬಹುದು. ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ವಾರ. ರಾಹುಕಾಲ ನೋಡಬೇಕಿಲ್ಲ. “ನಮ್ಮದು 1998ರ ಮನೆ” ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಕಾರಿನ ಚಾರ್ಜರ್ ಹಾಕಿಸುವಾಗ ಪ್ಯಾನೆಲ್ ಬದಲಾಗಿರಬಹುದು.

ಹಂತ 5. ಕಂಪನಿಯನ್ನು ಸಂಪರ್ಕಿಸಿ. ರಿಪೇರಿಗೆ ನೀವು ಕಾಸು ಕೊಡಬೇಕಿಲ್ಲ. ಅವರು ಬರುವವರೆಗೆ ಮನೆಯ ಸ್ಮೋಕ್ ಅಲಾರಂಗಳು ಕೆಲಸ ಮಾಡುತ್ತಿರಬೇಕು ಎಂಬುದು ಅಧಿಕೃತ ಸಲಹೆ. ನಮ್ಮವರಿಗೆ ಕಷ್ಟವಾಗುವುದು ಇಲ್ಲೇ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಏರುವಷ್ಟರಲ್ಲಿ ಅಲಾರಂ ಕೂಗುತ್ತದೆಂದು ಯಾವತ್ತೋ ಬ್ಯಾಟರಿ ಕಿತ್ತು ಟಿವಿ ರಿಮೋಟಿಗೆ ಹಾಕಿಕೊಂಡಿದ್ದೇವೆ. ರಿಮೋಟ್ ತೆಗೆಯಿರಿ, ಬ್ಯಾಟರಿ ಹಿಂತಿರುಗಿಸಿ. ಒಗ್ಗರಣೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ.

ಪದೇ ಪದೇ ಕೇಳುವ ಪ್ರಶ್ನೆಗಳು

*ತೊಂದರೆ ಆದರೆ ಬ್ರೇಕರ್ ಟ್ರಿಪ್ ಆಗುತ್ತದಲ್ಲ?* ಬ್ರೇಕರ್ ನೋಡುವುದು ಹರಿಯುವ ಕರೆಂಟ್ ಮಿತಿ ಮೀರಿತೇ ಎಂದು. ಯಾವುದೇ ಪ್ಯಾನೆಲ್‌ನಲ್ಲಿ ತಂತಿಯ ಜೋಡಣೆ ಸಡಿಲವಾಗಿದ್ದರೆ ಮಿತಿಯೊಳಗಿನ ಕರೆಂಟಿಗೂ ಆ ಜಾಗ ಬಿಸಿಯಾಗುತ್ತದೆ. ಬ್ರೇಕರಿಗೆ ಅದರ ಸುಳಿವೇ ಸಿಗದಿರಬಹುದು.

*ಇಷ್ಟು ವರ್ಷ ಏನೂ ಆಗಿಲ್ಲವಲ್ಲ?* ಸಂತೋಷ. ಹಂತ 1ಕ್ಕೆ ಹೋಗಿ.

*ನಾವು ಬಾಡಿಗೆಗೆ ಇರುವವರು.* ಫೋಟೋವನ್ನು ಮಾಲೀಕರಿಗೆ ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

*ಇದಕ್ಕೆಲ್ಲ ಟೈಮ್ ಎಲ್ಲಿದೆ?* ಈ ಕೈಪಿಡಿ ಓದುವಷ್ಟರಲ್ಲಿ ಲೇಬಲ್ ಓದಿ ಮುಗಿಸಬಹುದಿತ್ತು.