ಮೂಷಿಕವಾಹನ

ಡೆಸ್ಕ್‌ಟಾಪ್ ಎಂಬ ಮಾತಿಗೆ ಎರಡು ಅರ್ಥ. ಒಂದು, ಮೇಜಿನ ಮೇಲೆ ಕೂತ ಯಂತ್ರ. ಇನ್ನೊಂದು, ಆ ಯಂತ್ರ ಆನ್ ಮಾಡಿದಾಗ ಪರದೆಯ ಮೇಲೆ ಮೂಡುವ ಅಂಗಳ: ಕೆಳಗೊಂದು ಪಟ್ಟಿ, ಮೂಲೆಯಲ್ಲೊಂದು ಮೆನು, ತೆರೆದು ಮುಚ್ಚುವ ಕಿಟಕಿಗಳು, ಕೇಳಿದ ಕಡತ ಹುಡುಕಿಕೊಡುವ ಒಬ್ಬ ಗುಮಾಸ್ತ. ವಿಂಡೋಸ್‌ನಲ್ಲಿ ಯಂತ್ರ ನಡೆಸುವ ತಂತ್ರಾಂಶವೂ ಈ ಅಂಗಳವೂ ಕರ್ಣನ ಕವಚದಂತೆ ಅಂಟಿಕೊಂಡೇ ಹುಟ್ಟಿರುತ್ತವೆ, ಬಿಡಿಸುವುದು ಸುಲಭವಲ್ಲ. ಅದರ ಬದಲಿಗೆ ಹಾಕಬಹುದಾದ ಮುಕ್ತ ತಂತ್ರಾಂಶ ಲಿನಕ್ಸ್‌ನಲ್ಲಿ ಮೈ ಬೇರೆ, ಬಟ್ಟೆ ಬೇರೆ. ಜರತಾರಿ ಶಾಲು, ಮೈಸೂರು ಪೇಟ ಭಾರವೆನಿಸಿದರೆ ಪಂಚೆ ಬನಿಯನ್ನಿಗೆ ಇಳಿಯಬಹುದು. ಹಗುರ ಡೆಸ್ಕ್‌ಟಾಪ್ ಎಂದರೆ ಈ ಪಂಚೆ ಬನಿಯನ್; ಅದು ಬೇಕಾಗುವುದು ಹಳೆಯ ಕಂಪ್ಯೂಟರಿಗೆ.

ಹಳೆಯ ಕಂಪ್ಯೂಟರನ್ನು ಗುರುತಿಸುವುದು ಸುಲಭ. ಅದರ ಮಾನಿಟರಿನ ಮೇಲೆ ಕಸೂತಿ ಹಾಕಿದ ಮುಸುಕು ಇರುತ್ತದೆ. ಡಬ್ಬಿಯ ನೆತ್ತಿಯ ಮೇಲೆ (ಈ ಡಬ್ಬಿಗೆ ಸಿಪಿಯು ಎನ್ನುವುದು ತಪ್ಪು, ಆದರೂ ಕರ್ನಾಟಕದಲ್ಲಿ ಬೇರೆ ಹೆಸರಿಲ್ಲ) ಹಲವು ವರ್ಷಗಳ ಆಯುಧಪೂಜೆಯ ಅರಿಶಿನ ಕುಂಕುಮ ಪದರ ಪದರವಾಗಿ ಕೂತಿರುತ್ತದೆ. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳುವಂತೆ ಇದರ ವಯಸ್ಸನ್ನು ಕುಂಕುಮದಿಂದ ಹೇಳಬಹುದು. ವರ್ಷಕ್ಕೊಮ್ಮೆ ಪೂಜೆಯುಂಟು, ಉಳಿದ ದಿನ ಕೆಲಸವಿಲ್ಲ. ಮನೆಯ ಹಿರಿಯರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಅದು ಮೂಲೆ ಸೇರಿದ್ದು ಕೆಟ್ಟುಹೋಗಿ ಅಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಬೆಂಬಲ ನಿಂತಿತು. ವಿಂಡೋಸ್ 11 ಮನೆಯೊಳಗೆ ಬರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಕನಿಷ್ಠ 4 ಜಿಬಿ ರ್‍ಯಾಮ್, ತನ್ನ ಪಟ್ಟಿಯಲ್ಲಿರುವ ಪ್ರೊಸೆಸರ್ ಎಲ್ಲವನ್ನೂ ಕೇಳುತ್ತದೆ. ವರದಕ್ಷಿಣೆಯ ಪಟ್ಟಿಯೇ ಇದಕ್ಕಿಂತ ಚಿಕ್ಕದು. 2009ರಲ್ಲಿ ಕೊಂಡ, 2 ಜಿಬಿ ರ್‍ಯಾಮಿನ ಕೋರ್ 2 ಡ್ಯುಯೋ ಯಂತ್ರ ಈ ಪಟ್ಟಿ ನೋಡಿ ಸುಮ್ಮನಾಗುತ್ತದೆ. ಕೂಡಿಸುವುದು, ಕಳೆಯುವುದು, ಪತ್ರ ಬರೆಯುವುದು ಯಾವುದೂ ಅದಕ್ಕೆ ಮರೆತಿಲ್ಲ. ಹೊರಬೇಕಾದ ಹೊರೆ ಮಾತ್ರ ಏರಿದೆ.

ಹಗುರ ಡೆಸ್ಕ್‌ಟಾಪ್‌ಗಳಲ್ಲಿ ಹಳೆಯದು, ಹದವಾದದ್ದು ಎಕ್ಸ್‌ಎಫ್‌ಸಿಇ. ಫ್ರಾನ್ಸಿನ ಒಲಿವಿಯೆ ಫೂರ್ದಾಂ 1996ರಲ್ಲಿ ಇದನ್ನು ಶುರುಮಾಡಿದರು. ಆಗಿನ ಯೂನಿಕ್ಸ್ ಯಂತ್ರಗಳಲ್ಲಿದ್ದ ಸಿಡಿಇ ಎಂಬ ದುಬಾರಿ ಡೆಸ್ಕ್‌ಟಾಪ್‌ನ ಚಹರೆಯನ್ನು ಪುಕ್ಕಟೆಯಾಗಿ ಕೊಡುವುದು ಉದ್ದೇಶ. ಎಕ್ಸ್‌ಎಫ್‌ಸಿಇಯನ್ನು ಕಟ್ಟಲು ಬಳಸಿದ ಎಕ್ಸ್‌ಫಾರ್ಮ್ಸ್ ಎಂಬ ಸಲಕರಣೆ ಮಾತ್ರ ಮುಕ್ತವಾಗಿರಲಿಲ್ಲ. ಆ ಕಾರಣಕ್ಕೆ ರೆಡ್ ಹ್ಯಾಟ್ ಲಿನಕ್ಸ್ ಇದನ್ನು ತನ್ನ ಪಂಕ್ತಿಯಲ್ಲಿ ಕೂರಿಸಲಿಲ್ಲ. ಫೂರ್ದಾಂ ಮುನಿಸಿಕೊಂಡು ಕೂರದೆ 1999ರಲ್ಲಿ ಇಡೀ ಕೆಲಸವನ್ನು ಜಿಟಿಕೆ ಎಂಬ ಮುಕ್ತ ಸಲಕರಣೆಯಲ್ಲಿ ಹೊಸದಾಗಿ ಬರೆದರು. ಮುಂದೊಂದು ದಿನ ಅದೇ ರೆಡ್ ಹ್ಯಾಟ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಎಕ್ಸ್‌ಎಫ್‌ಸಿಇಯ ಲಾಂಛನ ಒಂದು ಇಲಿ. ಡೊಳ್ಳುಹೊಟ್ಟೆಯವನನ್ನು ಹೊತ್ತು ತಿರುಗುವ ಕೆಲಸ ಇಲಿಗೆ ಹೊಸದಲ್ಲವಾದ್ದರಿಂದ ಕನ್ನಡಿಗರಿಗೆ ಈ ಲಾಂಛನವನ್ನು ವಿವರಿಸಬೇಕಾಗಿಲ್ಲ.

ಈ ಇಲಿ ಓಡುವ ಇಲಿಯಲ್ಲ. 4.12 ಆವೃತ್ತಿ 2015ರ ಫೆಬ್ರವರಿಯಲ್ಲಿ ಬಂದರೆ ಮುಂದಿನ 4.14 ಬಂದದ್ದು 2019ರ ಆಗಸ್ಟ್‌ನಲ್ಲಿ. ಆಮೇಲೆ ಸುಮಾರು ಎರಡು ವರ್ಷಕ್ಕೊಂದರಂತೆ ಬಂದು 2024ರ ಡಿಸೆಂಬರ್‌ನಲ್ಲಿ 4.20 ಮುಟ್ಟಿದೆ. ಅವಸರದವರಿಗೆ ಇದು ದೋಷ, ವಯಸ್ಸಾದವರಿಗೆ ವರ. ಹೋದ ವರ್ಷ ಮೆನು ಎಲ್ಲಿತ್ತೋ ಈ ವರ್ಷವೂ ಅಲ್ಲೇ ಇರುತ್ತದೆ. ರಾತ್ರೋರಾತ್ರಿ ಗುಂಡಿಗಳು ಎಡದಿಂದ ನಡುವಿಗೆ ಸರಿದಿರುವುದಿಲ್ಲ.

ಇದಕ್ಕಿಂತ ಹಗುರವಾದವೂ ಇವೆ. ತೈವಾನಿನಲ್ಲಿ 2006ರಲ್ಲಿ ಹುಟ್ಟಿದ ಎಲ್‌ಎಕ್ಸ್‌ಡಿಇ, ಅದರ ವಂಶದ ಎಲ್‌ಎಕ್ಸ್‌ಕ್ಯೂಟಿ ಅಂಥವು. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಹೊರತಂದ ಪಪ್ಪಿ ಲಿನಕ್ಸ್ ಡೆಸ್ಕ್‌ಟಾಪ್ ಮಾತ್ರವಲ್ಲ, ಇಡೀ ಸಂಸಾರ. ಪೂರ್ತಿಯಾಗಿ ರ್‍ಯಾಮಿನಲ್ಲೇ ಕೂತುಬಿಡುತ್ತದೆ. ಅದರ ಹೆಸರು ಕೌಲರ್ ಸಾಕಿದ್ದ ನಾಯಿಯದು. ಆದರೆ ದಿನಬಳಕೆಗೆ, ಅದರಲ್ಲೂ ಮನೆಯ ಬೇರೆಯವರೂ ಕೂರುವ ಯಂತ್ರಕ್ಕೆ, ಡೆಬಿಯನ್ ಎಂಬ ಲಿನಕ್ಸ್ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಜೋಡಿಗೆ ಸಮನಾದದ್ದಿಲ್ಲ. ಅತಿ ಹಗುರವಾದವು ಉಪವಾಸದಂತೆ: ಮೊದಲ ದಿನ ಉತ್ಸಾಹ, ಮೂರನೆಯ ದಿನ ತಲೆಸುತ್ತು.

ಈ ಜೋಡಿಯನ್ನು ಹಾಕುವ ಮುನ್ನ ಪ್ರೊಸೆಸರಿನ ಜಾತಕ ನೋಡಬೇಕು. ಕೋರ್ 2 ಡ್ಯುಯೋ 64 ಬಿಟ್ಟಿನದು, ತೊಂದರೆಯಿಲ್ಲ. 2008ರ ಸುಮಾರಿಗೆ ಬಂದ ಆಟಮ್ ಎನ್270 ಚಿಪ್ಪಿನ ಪುಟಾಣಿ ನೆಟ್‌ಬುಕ್‌ಗಳು 32 ಬಿಟ್ಟಿನವು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದೆ. ಅಂಥವಕ್ಕೆ 32 ಬಿಟ್ಟನ್ನು ಇನ್ನೂ ಕೈಬಿಡದ ಆಂಟಿಎಕ್ಸ್‌ನಂಥ ಆಶ್ರಯಗಳೇ ಗತಿ.

ಆಮೇಲೆ ಡಬ್ಬಿ ಬಿಚ್ಚಿ ಧೂಳು ತೆಗೆಯಬೇಕು. ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿದ್ದರೆ ಅದು ವೈರಸ್ಸಲ್ಲ, ಕಸ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಬ್ಯಾಟರಿಯಿದೆ, ಅದರ ಮೇಲೆ 2032 ಎಂದು ಬರೆದಿರುತ್ತದೆ. ಅದು ಇಸವಿಯಲ್ಲ, ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಇದು ಸತ್ತಿದ್ದರೆ ಯಂತ್ರ ಪ್ರತಿ ಸಲ ಎದ್ದಾಗಲೂ ತನ್ನ ಬಾಲ್ಯಕ್ಕೆ ಮರಳಿ ಹಳೆಯ ತಾರೀಖನ್ನೇ ಹೇಳುತ್ತದೆ. ಆಗ ಬ್ರೌಸರು ಯಾವ ತಾಣವನ್ನೂ ನಂಬುವುದಿಲ್ಲ. ಅವುಗಳ ಭದ್ರತಾ ಪತ್ರಗಳು ಇನ್ನೂ ಹುಟ್ಟಿಯೇ ಇಲ್ಲ ಎಂಬುದು ಅದರ ವಾದ, ಮತ್ತು ಆ ತಾರೀಖಿನ ಲೆಕ್ಕದಲ್ಲಿ ವಾದ ಸರಿಯೇ. ಇಂಟರ್‌ನೆಟ್ ಕಂಪನಿಗೆ ಫೋನು ಮಾಡಿ ಜಗಳವಾಡಿದವರೆಷ್ಟೋ ಮಂದಿಗೆ ಕೊನೆಗೆ ಬೇಕಾದದ್ದು ವಾಚಿನಂಗಡಿ.

ಇನ್‌ಸ್ಟಾಲ್ ಮಾಡುವ ಕ್ರಮ ಹೀಗೆ. ಬೇರೊಂದು ಕಂಪ್ಯೂಟರಿನಲ್ಲಿ ಡೆಬಿಯನ್ನಿನ ಐಎಸ್‌ಒ ಕಡತ ಇಳಿಸಿಕೊಂಡು ರೂಫಸ್ ಅಥವಾ ವೆಂಟಾಯ್ ಬಳಸಿ ಪೆನ್‌ಡ್ರೈವಿಗೆ ಹಾಕುವುದು. ಕಡತವನ್ನು ಸುಮ್ಮನೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಯಂತ್ರ ಅದರಿಂದ ಏಳುವುದಿಲ್ಲ; ವೆಂಟಾಯ್ ಒಮ್ಮೆ ಹಾಕಿದ ಪೆನ್‌ಡ್ರೈವಿಗೆ ಮಾತ್ರ ಆ ಪೇಸ್ಟೇ ಸಾಕು. ಬಳಿಕ ಪೆನ್‌ಡ್ರೈವ್ ಚುಚ್ಚಿ, ಸ್ವಿಚ್ ಹಾಕಿ, ಪರದೆ ಬೆಳಗುವುದರೊಳಗೆ ಒಂದು ಗುಂಡಿ ಒತ್ತಬೇಕು. ಯಾವುದು? ಎಫ್2, ಎಫ್12, ಎಸ್ಕೇಪ್, ಡಿಲೀಟ್, ತಯಾರಕರಿಗೊಂದು. ಮೂಲೆಯಲ್ಲಿ ಅದರ ಹೆಸರು ಕ್ಷಣಕಾಲ ಮಿಂಚಿ ಮರೆಯಾಗುತ್ತದೆ, ಓಡುವ ಬಸ್ಸಿನ ಬೋರ್ಡಿನಂತೆ. ಅನುಭವಸ್ಥರು ಓದಲು ಹೋಗದೆ ನಾಲ್ಕನ್ನೂ ಮೃದಂಗದಂತೆ ಬಾರಿಸುತ್ತಾರೆ.

ಲೈವ್ ಆವೃತ್ತಿಯಾದರೆ ಹಾರ್ಡ್‌ಡಿಸ್ಕ್ ಮುಟ್ಟದೆಯೇ ಪೆನ್‌ಡ್ರೈವಿನಿಂದ ಇಡೀ ಡೆಸ್ಕ್‌ಟಾಪ್ ಎದ್ದು ನಿಲ್ಲುತ್ತದೆ. ಹೆಣ್ಣು ನೋಡುವ ಶಾಸ್ತ್ರದಂತೆ ಇಲ್ಲಿ ಕೇಳುವುದನ್ನೆಲ್ಲ ಕೇಳಿಬಿಡಬೇಕು: ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ, ಪರದೆಯ ಅಳತೆ ಸರಿಯಿದೆಯೇ. ಒಪ್ಪಿಗೆಯಾದರೆ ಅಲ್ಲಿಂದಲೇ ಮುಂದುವರಿಯಬಹುದು. ಡೆಬಿಯನ್ನಿನ ಮಾಮೂಲಿ ಇನ್‌ಸ್ಟಾಲರ್ ಹಿಡಿದವರಿಗೆ ನಡುವೆ ಡೆಸ್ಕ್‌ಟಾಪ್‌ಗಳ ಪಟ್ಟಿ ಬರುತ್ತದೆ. ಅಲ್ಲಿ ಗ್ನೋಮ್ ಎಂಬ ಭಾರದ ಡೆಸ್ಕ್‌ಟಾಪ್‌ಗೆ ಮೊದಲೇ ಟಿಕ್ ಹಾಕಿರುತ್ತದೆ. ಅದನ್ನು ತೆಗೆದು ಎಕ್ಸ್‌ಎಫ್‌ಸಿಇಗೆ ಟಿಕ್ ಹಾಕಬೇಕು. ಎಂಟರ್ ಒತ್ತುತ್ತಲೇ ಹೋಗುವವರು ಇಲ್ಲಿ ಪಂಚೆ ಕೇಳಲು ಬಂದು ರೇಷ್ಮೆ ಪೀತಾಂಬರ ಹೊತ್ತು ಮನೆಗೆ ಹೋಗುತ್ತಾರೆ.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಡಿಸ್ಕಿನದು. ಇಡೀ ಡಿಸ್ಕ್ ಬಳಸಲೇ ಎಂದು ಇನ್‌ಸ್ಟಾಲರ್ ಬಹಳ ವಿನಯದಿಂದ ಕೇಳುತ್ತದೆ. ಹೌದು ಎಂದರೆ ಮದುವೆಯ ಫೋಟೊ, ನಾಮಕರಣದ ವಿಡಿಯೊ, ಸೈಟಿನ ಕಾಗದದ ಸ್ಕ್ಯಾನು ಎಲ್ಲ ಒಂದೇ ಏಟಿಗೆ ಮಾಯ. ಈ ಮನೆಯಲ್ಲಿ ಅಂಥದ್ದೇನೂ ಇಲ್ಲ ಎಂದು ಗಂಡಸರು ಘಂಟಾಘೋಷವಾಗಿ ಹೇಳುವುದುಂಟು. ಅದನ್ನು ನಂಬದೆ ಮನೆಯಾಕೆಯನ್ನು ಕೇಳಿ, ಬೇಕಾದ್ದನ್ನು ಬೇರೆಡೆಗೆ ನಕಲು ಮಾಡಿಕೊಂಡು, ಆ ನಕಲನ್ನು ಒಮ್ಮೆ ತೆರೆದೂ ನೋಡಿ, ಆಮೇಲೆ ಹೌದು ಎನ್ನಬೇಕು.

ಇನ್ನೊಂದು ಗಾಬರಿ ಪಾಸ್‌ವರ್ಡಿನದು. ಆಜ್ಞೆ ಬರೆಯುವ ಟರ್ಮಿನಲ್ ಕಿಟಕಿಯಲ್ಲಿ ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ, ನಕ್ಷತ್ರವೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತೆಂದು ಹೊಸದು ತಂದವರೂ ಇದ್ದಾರು. ಕೆಟ್ಟಿಲ್ಲ, ಎಷ್ಟು ಅಕ್ಷರವೆಂಬುದೂ ಪಕ್ಕದವರಿಗೆ ತಿಳಿಯಬಾರದೆಂಬ ಮಡಿ ಅದು. ಅಷ್ಟು ಮಡಿಯಿಂದ ಕಾಪಾಡಿದ ಪಾಸ್‌ವರ್ಡನ್ನು ಬಳಿಕ ಮಾನಿಟರಿನ ಅಂಚಿಗೆ ಚೀಟಿಯಲ್ಲಿ ಬರೆದು ಅಂಟಿಸುವುದು ಭಾರತೀಯ ಪದ್ಧತಿ.

ಇನ್‌ಸ್ಟಾಲ್ ಮುಗಿದ ಮೇಲೆ ಕನ್ನಡದ ಸರದಿ. ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಕಂತೆ ಹಾಕಿದರೆ ಕನ್ನಡಕ್ಕೆ ಹಲವು ಕೀಲಿಮಣೆಗಳು ಸಿಗುತ್ತವೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರು ಕಗಪ ವಿನ್ಯಾಸ ಆರಿಸಿಕೊಳ್ಳಬೇಕು. ಅರ್ಧಾಕ್ಷರಕ್ಕೆ ಎಫ್ ಒತ್ತುವ ಹಳೆಯ ಅಭ್ಯಾಸ ಹಾಗೇ ನಡೆಯುತ್ತದೆ. ಅಕ್ಷರಗಳಿಗೆ ಲೋಹಿತ್ ಕನ್ನಡ ಉಂಟು. ಗುಬ್ಬಿ ಎಂಬ ಫಾಂಟ್ ಉಂಟು. ಕೈಬರಹದಂತೆ ಕಾಣುವ ನವಿಲು ಎಂಬುದೂ ಉಂಟು. ಇಲಿಯ ಬೆನ್ನ ಮೇಲೆ ಗುಬ್ಬಿ, ನವಿಲು ಕೂತ ಮೇಲೆ ಡೆಸ್ಕ್‌ಟಾಪ್ ಬೊಂಬೆಹಬ್ಬದಂತೆ ಕಾಣುವುದು ಸಹಜ.

ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಬರೆದ ಪತ್ರವನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಕೊಂಬು, ಬಾಲ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಮೆರವಣಿಗೆ ಹೊರಡುತ್ತವೆ. ಲಿನಕ್ಸ್ ಕೆಡಿಸಿತೆಂದು ಎಲ್ಲರೂ ಅದನ್ನೇ ಬೈಯುತ್ತಾರೆ. ಆ ಕಡತದಲ್ಲಿ ಕನ್ನಡ ಎಂದೂ ಇರಲಿಲ್ಲ. ಇದ್ದದ್ದು ಕನ್ನಡದ ವೇಷ ತೊಟ್ಟ ರೋಮನ್ ಸಂಕೇತ. ಫಾಂಟು ಹೋಯಿತು, ವೇಷ ಕಳಚಿತು. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಕಡೆ ಒಮ್ಮೆ ಕಣ್ಣಾಡಿಸುವುದು ಕ್ಷೇಮ.

ಬಳಕೆಯ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಬಳಸಲು ಕಲಿಯಬೇಕಾದದ್ದೇ ಕಡಿಮೆ. ಮನೆಯವರು ಮೊದಲ ದಿನ ಸ್ಟಾರ್ಟ್ ಎಲ್ಲಿ ಎನ್ನುತ್ತಾರೆ. ಮೇಲಿರುವ ಪಟ್ಟಿಯನ್ನು ಕೆಳಗೆಳೆದು ತಂದರೆ ಅರ್ಧ ದೂರು ಮುಗಿಯಿತು. ಉಳಿದರ್ಧಕ್ಕೆ ಷಿಕಾಗೊ95 ಎಂಬ ಥೀಮ್ ಇದೆ. ಅದನ್ನು ಹಾಕಿದರೆ ಎಕ್ಸ್‌ಎಫ್‌ಸಿಇ ಥೇಟ್ ವಿಂಡೋಸ್ 95ರಂತೆ ಕಾಣುತ್ತದೆ. ಷಿಕಾಗೊ ಎಂಬುದು ವಿಂಡೋಸ್ 95ಕ್ಕೆ ಅದರ ಗರ್ಭಾವಸ್ಥೆಯಲ್ಲಿದ್ದ ಗುಪ್ತನಾಮ.

ಡೆಸ್ಕ್‌ಟಾಪ್ ಎದ್ದು ನಿಂತಾಗ ಅರ್ಧ ಜಿಬಿ ಆಸುಪಾಸಿನ ರ್‍ಯಾಮ್ ಸಾಕು. ಆಗ ಮನೆಯೊಡೆಯನಿಗೆ ಹೆಮ್ಮೆ. ಅಷ್ಟರಲ್ಲಿ ಯಾರೋ ಬ್ರೌಸರ್ ತೆರೆದು ಧಾರಾವಾಹಿ, ಮೇಲ್, ಚಿನ್ನದ ದರ, ಪಿಯುಸಿ ಫಲಿತಾಂಶ ನಾಲ್ಕನ್ನೂ ಒಟ್ಟಿಗೆ ಹಚ್ಚುತ್ತಾರೆ. ಉಳಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಬಾಡಿಗೆದಾರ ಮಾಲೀಕನಿಗಿಂತ ದಪ್ಪ. ಜೆಡ್‌ರ್‍ಯಾಮ್ ಎಂಬ ಏರ್ಪಾಡು ನೆನಪಿನಲ್ಲಿರುವುದನ್ನೇ ಒತ್ತಿ ಸಣ್ಣಗೆ ಮಾಡುತ್ತದೆ, ಬಸ್ಸಿನಲ್ಲಿ ಸ್ವಲ್ಪ ಸರಿದು ಕೂತ್ಕೊಳ್ಳಿ ಅನ್ನುವ ಕಂಡಕ್ಟರನಂತೆ. ಪೂರ್ತಿ ಪರಿಹಾರ ಬೇಕಾದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ರ್‍ಯಾಮ್ ಹುಡುಕಿ 4 ಜಿಬಿ ಮಾಡಿಕೊಂಡು, ತಿರುಗುವ ಹಾರ್ಡ್‌ಡಿಸ್ಕಿನ ಜಾಗದಲ್ಲಿ ಚಿಕ್ಕದೊಂದು ಎಸ್‌ಎಸ್‌ಡಿ ಕೂರಿಸಬೇಕು. ಡೆಸ್ಕ್‌ಟಾಪ್ ಬದಲಿಸಿದ್ದಕ್ಕಿಂತ ಎಸ್‌ಎಸ್‌ಡಿ ಹಾಕಿದ್ದರ ಗುಣವೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಹೊಗಳಿಕೆ ಮಾತ್ರ ಇಲಿಗೆ ಹೋಗುತ್ತದೆ.

ಆಗದ ಕೆಲಸಗಳೂ ಇವೆ. ಟ್ಯಾಲಿ, ಆಟೋಕ್ಯಾಡ್, ಫೋಟೊಶಾಪ್ ವಿಂಡೋಸ್ ಬಿಟ್ಟು ಈ ಮನೆಗೆ ಬರುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಕೆಲವೊಮ್ಮೆ ಹಟ ಹಿಡಿಯುತ್ತದೆ. ಲೆಕ್ಕಿಗರ ಕಚೇರಿಗೆ ಈ ಸಲಹೆ ಕೊಡಬಾರದು. ಪತ್ರ ಬರೆಯುವ, ಹಾಡು ಕೇಳುವ, ಮೊಮ್ಮಕ್ಕಳ ಫೋಟೊ ನೋಡುವ, ಬಿಲ್ಲು ಕಟ್ಟುವ ಮನೆಗೆ ಧಾರಾಳವಾಗಿ ಕೊಡಬಹುದು.

ಇಷ್ಟೆಲ್ಲ ಆಗಿ ಯಂತ್ರ ಮತ್ತೆ ದುಡಿಯತೊಡಗಿದ ಮೇಲೂ ಮಹಾನವಮಿ ಬಂದೇ ಬರುತ್ತದೆ. ಅಂದು ದಯವಿಟ್ಟು ಕುಂಕುಮವನ್ನು ಡಬ್ಬಿಯಲ್ಲಿ ಗಾಳಿಯ ಕಿಂಡಿ ಇಲ್ಲದ ಕಡೆ ಹಚ್ಚಿ. ಕಿಂಡಿಯೊಳಗೆ ಪುಡಿ ಬಿದ್ದರೆ ಸೇರುವುದು ಫ್ಯಾನಿಗೆ.